ಕಡಲಂಚಿನ ಹೋಟೆಲಿನಲ್ಲಿ ಮೂರು ರಾತ್ರಿ

ಹೋಟೆಲು ಅಂದ ಕೂಡಲೇ ನಮ್ಮ ಮೂಗಿಗೆ ಬರುವುದು ಸಾಂಬಾರಿನ ಪರಿಮಳ. 'ಹೋಟೆಲಿಗೆ ಹೋಗಿ ಬರೋಣ' ಎಂದರೆ ಒಂದು ಮಸಾಲೆ ದೋಸೆ, ಒಂದು ಕಾಫಿ, ಅರ್ಧ ಗಂಟೆ ಹರಟೆ. ಅಲ್ಲಿ ಮಲಗುವ ಮಾತಿಲ್ಲ. ಮಲಗುವುದಕ್ಕೆ ಲಾಡ್ಜು ಬೇರೆ, ಛತ್ರ ಬೇರೆ. ಹಾಗಾಗಿ ಲಂಡನ್ನಿನಲ್ಲಿರುವ ಮಗಳು "ಅಪ್ಪ, ನಿಮಗೂ ಅಮ್ಮನಿಗೂ ಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ ಮೂರು ರಾತ್ರಿಗೆ ಹೋಟೆಲು ಬುಕ್ ಮಾಡಿದ್ದೇನೆ" ಎಂದಾಗ ನನ್ನಾಕೆ ಕೇಳಿದ ಮೊದಲ ಪ್ರಶ್ನೆ, "ಮೂರು ರಾತ್ರಿ ಅಲ್ಲಿ ಏನು ತಿನ್ನುತ್ತಾ ಕೂರುವುದು?" ಎರಡನೆಯದು ಇನ್ನೂ ಖಾರವಾಗಿತ್ತು. "ಉಳ್ಳಾಲದವರು ಸಮುದ್ರ ನೋಡುವುದಕ್ಕೆ ಇಂಗ್ಲೆಂಡಿಗೆ ಬರಬೇಕಾ?"

ಊರಿನ ಹೆಸರು ಡನಿಚ್. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫಕ್ ಜಿಲ್ಲೆಯಲ್ಲಿದೆ. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ಡಬ್ಲ್ಯು ಬರುತ್ತದೆ, ಹೇಳುವಾಗ ಅದು ಮಾಯ. ಊರಿನ ಮುಕ್ಕಾಲು ಪಾಲು ಹೋದ ದಾರಿಯಲ್ಲೇ ಆ ಅಕ್ಷರವೂ ಹೋಗಿರಬೇಕು. ಯಾಕೆ ಹೀಗೆಂದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಹೋಟೆಲಿನ ಹೆಸರನ್ನು ಮಾತ್ರ ಹೇಳುವುದಿಲ್ಲ. ಆಕಾಶವಾಣಿಯಲ್ಲಿ ಪುಕ್ಕಟೆ ಜಾಹೀರಾತು ಕೊಟ್ಟ ಹಾಗಾಗುತ್ತದೆ.

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಹತ್ತಿ, ಇಪ್ಸ್‌ವಿಚ್‌ನಲ್ಲಿ ಇಳಿದು, ಅಲ್ಲಿಂದ ಪುಟ್ಟ ಡೀಸೆಲ್ ಗಾಡಿಯಲ್ಲಿ ಡಾರ್ಶಮ್ ಎಂಬ ನಿಲ್ದಾಣಕ್ಕೆ ಬಂದೆವು. ಅಕ್ಟೋಬರ್ ತಿಂಗಳ ಕೊನೆಯ ಶುಕ್ರವಾರ, ಸಂಜೆ. ಇಳಿದವರು ನಾವಿಬ್ಬರು ಮತ್ತು ಒಬ್ಬ ಸೈಕಲ್ಲಿನ ಹುಡುಗ. ಆಟೋ ಇಲ್ಲ, ಬಸ್ಸಿಲ್ಲ, ಕೇಳೋಣವೆಂದರೆ ನರಪಿಳ್ಳೆ ಇಲ್ಲ. ಊರು ಅಲ್ಲಿಂದ ಎಂಟು ಕಿಲೋಮೀಟರು. ಹೋಟೆಲಿಗೆ ಫೋನು ಮಾಡಿದರೆ ಒಡತಿಯೇ ಎತ್ತಿಕೊಂಡರು. "ಅಲ್ಲೇ ನಿಂತಿರಿ ಲವ್, ಯಾರನ್ನಾದರೂ ಕಳಿಸುತ್ತೇನೆ" ಎಂದರು. ನನ್ನಾಕೆ ಕಣ್ಣರಳಿಸಿದಳು. ಆ ಕಡೆ ಹಳ್ಳಿಯ ಹೆಂಗಸರು 'ಲವ್' ಎನ್ನುವುದು ನಮ್ಮಲ್ಲಿ ಅಜ್ಜಿಯರು 'ಮಗಾ' ಎಂದ ಹಾಗೆ, ಬೇರೆ ಅರ್ಥವಿಲ್ಲ ಎಂದು ವಿವರಿಸುವಷ್ಟರಲ್ಲಿ ಕಾರು ಬಂದಿತು.

ಇಟ್ಟಿಗೆಯ ಹಳೆಯ ಕಟ್ಟಡ. ಕೆಳಗೆ ಪಬ್ಬು, ಮೇಲೆ ಕೆಲವೇ ಕೋಣೆಗಳು. ಲಿಫ್ಟಿಲ್ಲ. ಮರದ ಮೆಟ್ಟಿಲು ಒಂದು ಕಡೆ ವಾಲಿದೆ. ತೊಲೆಗಳು ಎಷ್ಟು ತಗ್ಗಿನಲ್ಲಿವೆ ಎಂದರೆ ಐದೂವರೆ ಅಡಿಯ ನಾನೇ ತಲೆ ಬಗ್ಗಿಸಿ ಹೋಗಬೇಕು. ನಮ್ಮ ಹಳೆಯ ಮನೆಗಳ ದಾರಂದದ ಹಾಗೆ. ಪಡಸಾಲೆಯಲ್ಲಿ ಕೋಟು ನೇತುಹಾಕುವ ಗೂಟದ ಪಕ್ಕ ಚೌಕಟ್ಟು ಹಾಕಿದ ಒಂದು ನೋಟೀಸು ಇತ್ತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನಿಗೆ ಸಣ್ಣ ಅಕ್ಷರದ ನೋಟೀಸು ಕಂಡರೆ ಓದದೆ ಮುಂದೆ ಹೋಗಲಾಗುವುದಿಲ್ಲ. ಅದು 1956ರ ಹೋಟೆಲ್ ಮಾಲೀಕರ ಕಾಯಿದೆಯ ನೋಟೀಸು. ಉಳಿದುಕೊಂಡವರ ಸಾಮಾನು ಕಳೆದುಹೋದರೆ ಒಂದು ವಸ್ತುವಿಗೆ 50 ಪೌಂಡು, ಒಟ್ಟಿಗೆ 100 ಪೌಂಡು, ಅದಕ್ಕಿಂತ ಹೆಚ್ಚಿಗೆ ಹೊಣೆಯಿಲ್ಲ. ಮೋಟಾರು ವಾಹನಗಳಿಗೆ ಇದು ಅನ್ವಯಿಸುವುದಿಲ್ಲ, ಕುದುರೆಗಳಿಗೂ ಇತರ ಜೀವಂತ ಪ್ರಾಣಿಗಳಿಗೂ ಅನ್ವಯಿಸುವುದಿಲ್ಲ. ಕುದುರೆ ಕಟ್ಟುವ ಕಾಲ ಹೋದರೂ ನೋಟೀಸಿನಿಂದ ಕುದುರೆಯನ್ನು ಬಿಡಿಸಿಲ್ಲ.

ಇದರ ಹಿಂದೆ ಇನ್ನೂ ಹಳೆಯ ಒಂದು ಕಟ್ಟಳೆಯಿದೆ. ಬಾಡಿಗೆ ಕೊಡಬಲ್ಲ, ನೆಟ್ಟಗೆ ನಡೆದುಕೊಳ್ಳುವ ಯಾವ ದಾರಿಹೋಕ ಬಂದರೂ, ಜಾಗವಿದ್ದರೆ, ಛತ್ರದವನು ಬಾಗಿಲು ತೆರೆಯಲೇಬೇಕು, ಇಷ್ಟವಿಲ್ಲ ಎನ್ನುವಂತಿಲ್ಲ. ಇದು ಬರೀ ಬಾಯಿಮಾತಾಗಿ ಉಳಿಯಲಿಲ್ಲ. ವೆಸ್ಟ್ ಇಂಡೀಸಿನ ಹೆಸರಾಂತ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಅವರನ್ನು 1943ರಲ್ಲಿ ಲಂಡನ್ನಿನ ಒಂದು ದೊಡ್ಡ ಹೋಟೆಲು ಮೈಬಣ್ಣದ ಕಾರಣಕ್ಕೆ ಉಳಿಸಿಕೊಳ್ಳಲಿಲ್ಲ. ಅವರು ಇದೇ ಕಟ್ಟಳೆ ಹಿಡಿದು ನ್ಯಾಯಾಲಯಕ್ಕೆ ಹೋದರು. 1944ರಲ್ಲಿ ಗೆದ್ದರು. ಸಿಕ್ಕ ಪರಿಹಾರ ಐದು ಗಿನಿ. ದುಡ್ಡಿನ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಬಣ್ಣ ನೋಡಿ ಹೋಟೆಲಿನ ಬಾಗಿಲು ಮುಚ್ಚುವುದು ತಪ್ಪು ಎಂದು ಪಾರ್ಲಿಮೆಂಟೇ ಕಾನೂನು ಮಾಡಿದ್ದು 1965ರಲ್ಲಿ, ಅಂದರೆ ಇಪ್ಪತ್ತೊಂದು ವರ್ಷ ತಡವಾಗಿ. ಆ ನೋಟೀಸಿನ ಮುಂದೆ ನಿಂತಾಗ ನನಗೆ ಇದು ನೆನಪಾಯಿತು. ಒಡತಿ ಬೀಗದಕೈ ಕೊಟ್ಟು, "ಊಟ ಎಂಟೂವರೆಗೆ ಮುಗಿಯುತ್ತದೆ, ತಿಂಡಿ ಎಂಟಕ್ಕೆ ಶುರು, ಕೋಣೆಯಲ್ಲಿ ತಲೆ ಜೋಪಾನ" ಎಂದಷ್ಟೇ ಹೇಳಿ ಹೋದರು. ಬನ್ನಿ ಕೂತುಕೊಳ್ಳಿ ಎಂಬ ಉಪಚಾರವಿಲ್ಲ, ಎಲ್ಲಿಂದ ಬಂದಿರಿ ಎಂಬ ತನಿಖೆಯೂ ಇಲ್ಲ. ನನಗದು ಹಿತವೆನಿಸಿತು.

ಈಗ ಕೋಣೆಗೆ ಬನ್ನಿ. ಕಿಟಕಿಯ ಹತ್ತಿರ ಒಂದು ಕೆಟಲ್, ಎರಡು ಕಪ್ಪು, ಚಹಾದ ಪುಟ್ಟ ಚೀಲಗಳು, ಹೆಬ್ಬೆರಳ ಗಾತ್ರದ ಹಾಲಿನ ಡಬ್ಬಿಗಳು. ಎಂತಹ ಸಣ್ಣ ಹೋಟೆಲಾದರೂ ಆ ದೇಶದಲ್ಲಿ ಇದು ತಪ್ಪುವುದಿಲ್ಲ. ಬಚ್ಚಲಿನ ದೀಪಕ್ಕೆ ಗೋಡೆಯಲ್ಲಿ ಸ್ವಿಚ್ಚಿಲ್ಲ, ಮಾಡಿನಿಂದ ಒಂದು ದಾರ ಇಳಿದಿದೆ, ಎಳೆಯಬೇಕು. ಒದ್ದೆ ಕೈ ಸ್ವಿಚ್ಚಿಗೆ ತಾಗದಿರಲಿ ಎಂದು ಆ ಏರ್ಪಾಡು. ನಲ್ಲಿಗಳು ಎರಡು. ಒಂದು ಬೋಗುಣಿಯ ಎಡ ತುದಿಯಲ್ಲಿ, ಇನ್ನೊಂದು ಬಲ ತುದಿಯಲ್ಲಿ. ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೈ ಮರಗಟ್ಟಿಸುವ ನೀರು. ನಡುವಿನದು ಬೇಕೆಂದರೆ ಬೋಗುಣಿಗೆ ಬಿರಡೆ ಹಾಕಿ ಎರಡನ್ನೂ ತುಂಬಿಸಿಕೊಳ್ಳಬೇಕು. "ಇಡೀ ಜಗತ್ತು ಆಳಿದವರಿಗೆ ಎರಡು ನಲ್ಲಿ ಕೂಡಿಸಲಿಕ್ಕೆ ಬರಲಿಲ್ಲವಾ?" ಎಂದಳು ನನ್ನಾಕೆ.

ಬರಲಿಲ್ಲವೆಂದಲ್ಲ, ಬೇಡವೆಂದು ಬಿಟ್ಟದ್ದು. ಹಳೆಯ ಮನೆಗಳಲ್ಲಿ ತಣ್ಣೀರು ನೇರವಾಗಿ ಊರಿನ ಕೊಳವೆಯಿಂದ ಬರುತ್ತಿತ್ತು, ಅದು ಕುಡಿಯುವ ನೀರು. ಬಿಸಿನೀರು ಅಟ್ಟದ ಮೇಲಿನ ತೊಟ್ಟಿಯಿಂದ ಇಳಿಯುತ್ತಿತ್ತು. ಆ ತೊಟ್ಟಿಯಲ್ಲಿ ಇಲಿ ಬಿದ್ದಿರಬಹುದು, ಹಕ್ಕಿ ಸತ್ತಿರಬಹುದು. ಅದು ಕುಡಿಯುವ ನೀರಿನ ಕೊಳವೆಗೆ ಬೆರೆಯಬಾರದು ಎಂಬ ನಿಯಮವಿತ್ತು. ತೊಟ್ಟಿಗಳು ಹೋಗಿ ಎಷ್ಟೋ ಮನೆಗಳಿಗೆ ಬಾಯ್ಲರು ಬಂದರೂ ಅಭ್ಯಾಸ ಹೋಗಲಿಲ್ಲ. ವಿವರಣೆ ಕೇಳಿ ನನ್ನಾಕೆಗೆ ಸಮಾಧಾನವಾಗಲಿಲ್ಲ. ಕೋಣೆಯ ಮೂಲೆಯಲ್ಲಿದ್ದ ಕಸದ ಪ್ಲಾಸ್ಟಿಕ್ ಬುಟ್ಟಿಯನ್ನು ಸೋಪು ಹಾಕಿ ಉಜ್ಜಿ ತೊಳೆದು, ಸುಡುನೀರು ತಣ್ಣೀರು ಹದವಾಗಿ ಬೆರೆಸಿ, ಚಹಾದ ಕಪ್ಪನ್ನೇ ಚೆಂಬು ಮಾಡಿಕೊಂಡು, ನಮ್ಮೂರಿನ ಹಂಡೆಯ ಸ್ನಾನವನ್ನು ಆ ಬಚ್ಚಲಿನಲ್ಲಿ ಮೂರು ದಿನವೂ ಸಾಂಗವಾಗಿ ನಡೆಸಿದಳು. ಒಡತಿಗೆ ಇದು ಇಂದಿಗೂ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಸಮುದ್ರ ಎಷ್ಟು ದೂರ ಎಂದು ಒಡತಿಯನ್ನು ಕೇಳಿದೆ. "ಐದು ನಿಮಿಷ. ಅವಸರ ಬೇಡ, ಅದು ಹೇಗೂ ಇತ್ತಲೇ ಬರುತ್ತಿದೆ" ಎಂದರು. ನಕ್ಕೆ. ಅವರು ನಗಲಿಲ್ಲ.

ಆ ಮಾತಿನ ಅರ್ಥ ಆದದ್ದು ಊರಿನ ಪುಟ್ಟ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿ ಹಳೆಯ ಡನಿಚ್‌ನ ಒಂದು ಮಾದರಿ ಇಟ್ಟಿದ್ದಾರೆ. ಬಂದರು, ಬೀದಿಗಳು, ಚರ್ಚುಗಳು, ಮಠಗಳು. ಒಂದು ಕಾಲಕ್ಕೆ ಪೂರ್ವ ಇಂಗ್ಲೆಂಡಿನ ದೊಡ್ಡ ರೇವುಪಟ್ಟಣಗಳಲ್ಲಿ ಒಂದು. ಈಗ ಉಳಿದಿರುವುದು ಒಂದು ಬೀದಿ, ಒಂದು ಚರ್ಚು, ಒಂದು ಪಾಳುಬಿದ್ದ ಮಠ, ನಮ್ಮ ಹೋಟೆಲು. ಉಳಿದದ್ದೆಲ್ಲ ಸಮುದ್ರದ ತಳದಲ್ಲಿದೆ. ಬಂಡೆಯೇ ಇಲ್ಲದ ಕರಾವಳಿ ಅದು, ಬರೀ ಮರಳಿನ ದಿಬ್ಬ. ಅಲೆ ಬುಡ ಕೊರೆಯುತ್ತದೆ, ಮೇಲಿನದು ಕುಸಿಯುತ್ತದೆ, ಕುಸಿದ ಮರಳನ್ನು ನೀರು ಸಾಗಿಸುತ್ತದೆ. 1086ರಲ್ಲಿ ವಿಲಿಯಂ ದೊರೆ ದೇಶದ ಆಸ್ತಿಪಾಸ್ತಿಯನ್ನೆಲ್ಲ ಬರೆಸಿದ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲೇ ಇದು ದಾಖಲಾಗಿದೆ. ಹಿಂದೆ ಎರಡು ಪಾಲು ಉಳುವ ಭೂಮಿಯಿತ್ತು, ಈಗ ಒಂದೇ, ಇನ್ನೊಂದನ್ನು ಸಮುದ್ರ ಒಯ್ದಿದೆ ಎಂದು. ನಮ್ಮ ಶಾನುಭೋಗರು ಖಾತೆಯಲ್ಲಿ ಷರಾ ಬರೆದ ಧಾಟಿಯೇ.

ಅದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ. ಡನಿಚ್ ಕೊಡಬೇಕಾದ ವರ್ಷದ ಕಂದಾಯ 50 ಪೌಂಡು ಮತ್ತು 68,000 ಹೆರಿಂಗ್ ಮೀನು. ಹೆರಿಂಗ್ ನಮ್ಮ ಬೂತಾಯಿಯ ಕುಲದ್ದೇ. ಅರವತ್ತೆಂಟು ಸಾವಿರ ಬೂತಾಯಿಯನ್ನು ಬುಟ್ಟಿಬುಟ್ಟಿ ಎಣಿಸಿ ಕೊಡುತ್ತಿದ್ದ ಊರನ್ನು ಕಲ್ಪಿಸಿಕೊಳ್ಳಿ. ಎಣಿಸಿದವನ ಬೆರಳಿನ ವಾಸನೆ ಸಾಯುವವರೆಗೂ ಹೋಗಿರಲಾರದು.

ಊರು ಹಾಳಾದದ್ದು ಒಂದೇ ರಾತ್ರಿಯಲ್ಲಿ ಎಂದು ಹೇಳುವವರುಂಟು. ಹಾಗೇನಿಲ್ಲ. 1286ರ ಬಿರುಗಾಳಿ ದೊಡ್ಡ ಪೆಟ್ಟು ಕೊಟ್ಟಿತು. 1328ರ ಬಿರುಗಾಳಿಯಲ್ಲಿ ಉರುಟುಕಲ್ಲು ಮರಳು ಬಂದು ಬಂದರಿನ ಬಾಯಿ ಮುಚ್ಚಿತು, ಹೊಳೆ ಉತ್ತರಕ್ಕೆ ಬೇರೆ ಅಳಿವೆ ಹುಡುಕಿಕೊಂಡಿತು. ಹಡಗು ಬರುವುದು ನಿಂತಿತು, ದುಡ್ಡು ನಿಂತಿತು. ಅಳಿವೆಯಲ್ಲಿ ಹೂಳು ತುಂಬಿದರೆ ಏನಾಗುತ್ತದೆ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ನನ್ನ ಪ್ರಕಾರ ಡನಿಚ್ಚನ್ನು ಕೊಂದದ್ದು ಮುಚ್ಚಿದ ಬಂದರು. ಸಮುದ್ರ ಆಮೇಲೆ ನಿಧಾನವಾಗಿ ಹೆಣ ಸಾಗಿಸಿತು, ಆರುನೂರು ವರ್ಷ. ತಮಾಷೆಯೆಂದರೆ, ಊರು ಕರಗಿ ಹಳ್ಳಿಯಾದ ಮೇಲೂ ಅದು 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಲೇ ಇತ್ತು. ಮೀನುಗಳು ಓಟು ಹಾಕುತ್ತಿದ್ದವೋ ಏನೋ.

ಕೊನೆಯ ಹಳೆಯ ಚರ್ಚು, ಆಲ್ ಸೇಂಟ್ಸ್, ದಿಬ್ಬದ ಅಂಚಿನಿಂದ ತುಂಡುತುಂಡಾಗಿ ಬಿದ್ದದ್ದು 1904ರಿಂದ 1919ರ ನಡುವೆ. ಅದರ ಒಂದು ಆಸರೆಗೋಡೆಯನ್ನು ಮಾತ್ರ ಬಿಚ್ಚಿ ತಂದು ಈಗಿನ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಮುಟ್ಟಿ ನೋಡಿದೆ. ಒಡೆದ ಚಕಮಕಿ ಕಲ್ಲನ್ನು ಗಾರೆಯಲ್ಲಿ ಕೂರಿಸಿದ್ದು, ಹೊರಗೆ ಗಾಜಿನಂತೆ ನುಣುಪು, ಅಂಚು ಚೂರಿಯಂತೆ ಹರಿತ. ಬಿರುಗಾಳಿಯ ರಾತ್ರಿ ನೀರಿನೊಳಗಿಂದ ಚರ್ಚಿನ ಗಂಟೆ ಕೇಳಿಸುತ್ತದೆ ಎಂಬ ಕತೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಸಿಯರ್ ಎಂಬ ಪ್ರಾಧ್ಯಾಪಕರು ಮುಳುಗಿದ ಊರನ್ನು ಗಂಟೆಯಿಂದಲ್ಲ, ಬೇರೊಂದು ಸದ್ದಿನಿಂದ ಹುಡುಕಿದರು. ಅಲ್ಲಿಯ ನೀರು ಎಷ್ಟು ಕದಡಿದೆಯೆಂದರೆ ಮುಳುಗಿದವನಿಗೆ ತನ್ನ ಕೈಯೇ ಕಾಣುವುದು ಕಷ್ಟ. ಹಾಗಾಗಿ ಶಬ್ದತರಂಗ ಬಿಟ್ಟು, ಅದು ಮರಳಿ ಬಂದ ಲೆಕ್ಕದಿಂದ ತಳದ ನಕ್ಷೆ ಮಾಡಿದರು. ಚರ್ಚುಗಳ ಕಲ್ಲುರಾಶಿಗಳು ಆ ನಕ್ಷೆಯಲ್ಲಿ ಸಿಕ್ಕಿವೆ.

ಸಂಜೆ ಪಬ್ಬಿನಲ್ಲಿ ಬೆಂಕಿಯ ಮುಂದೆ ಕೂತಾಗ ಒಡತಿಗೆ ನಮ್ಮ ಊರಿನ ಸುದ್ದಿ ಹೇಳಿದೆ. ನಮ್ಮಲ್ಲೂ ಕಡಲ್ಕೊರೆತವಿದೆ, ಮಳೆಗಾಲ ಬಂತೆಂದರೆ ಉಳ್ಳಾಲ ಸೋಮೇಶ್ವರದ ಕಡೆ ತೆಂಗಿನಮರಗಳು ಬೇರುಸಹಿತ ಹೋಗುತ್ತವೆ, ಲಾರಿಗಟ್ಟಲೆ ಬಂಡೆ ತಂದು ಸುರಿಯುತ್ತಾರೆ ಎಂದೆ. "ಬಂಡೆ ನಿಲ್ಲುತ್ತದಾ?" ಎಂದು ಕೇಳಿದರು. ಕೆಲವು ನಿಲ್ಲುತ್ತವೆ, ಕೆಲವು ಹೋಗುತ್ತವೆ ಎಂದೆ. ಅವರಲ್ಲಿ ಕರಾವಳಿಯ ಒಂದೊಂದು ತುಂಡಿಗೂ ಮೊದಲೇ ಬರೆದಿಟ್ಟ ಯೋಜನೆಯಿದೆ. ಇಲ್ಲಿ ಗೋಡೆ ಕಟ್ಟಿ ತಡೆಯುವುದು, ಇಲ್ಲಿ ಹಿಂದೆ ಸರಿಯುವುದು, ಇಲ್ಲಿ ಏನೂ ಮಾಡದೆ ಬಿಡುವುದು ಎಂದು. 'ಏನೂ ಮಾಡದೆ ಬಿಡುವುದು' ಎಂಬುದನ್ನು ಸರಕಾರಿ ಕಾಗದದಲ್ಲಿ ಹಾಗೆಯೇ ಬರೆಯುತ್ತಾರೆ. ಅದು ಪ್ರಾಮಾಣಿಕತೆಯೋ ಕಲ್ಲುಮನಸ್ಸೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಮನೆ ಅಂಚಿನಲ್ಲಿರುವವನನ್ನು ಕೇಳಬೇಕು.

ಊಟದ ವಿಷಯಕ್ಕೆ ಬಂದರೆ, ಮಧ್ಯಾಹ್ನ 'ಪ್ಲೌಮನ್ಸ್ ಲಂಚ್' ತಂದಿಟ್ಟರು. ರೈತನ ಬುತ್ತಿ ಎಂದು ಅರ್ಥ. ದಪ್ಪ ಬ್ರೆಡ್ಡು, ಒಂದು ಗಟ್ಟಿ ಚೀಸು, ಈರುಳ್ಳಿ, ಸಿಹಿಹುಳಿಯ ಉಪ್ಪಿನಕಾಯಿ. ರೊಟ್ಟಿ ಚಟ್ನಿ ಗಂಟು ಕಟ್ಟಿಕೊಂಡು ಗದ್ದೆಗೆ ಹೋದವರ ನೆನಪಾಗುವ ಹಾಗಿತ್ತು. ಆದರೆ ಆ ಹೆಸರನ್ನು ಪಬ್ಬುಗಳಲ್ಲಿ ಹಬ್ಬಿಸಿದ್ದು 1950ರ ದಶಕದಿಂದೀಚೆಗೆ ಚೀಸು ಮಾರುವವರು. ರೈತರು ಬ್ರೆಡ್ಡು ಚೀಸು ಮೊದಲಿಂದಲೂ ತಿನ್ನುತ್ತಿದ್ದರು, ಪಟ್ಟಿಯಲ್ಲಿ ಬೆಲೆ ಹಾಕಿದ್ದು ಜಾಹೀರಾತಿನವರು. ರಾತ್ರಿ ಮೀನು ಮತ್ತು ಚಿಪ್ಸ್. ಮೀನು ಒಳ್ಳೆಯ ತಾಜಾ. ಆದರೆ ಉಪ್ಪು ವಿನೆಗರ್ ಬಿಟ್ಟರೆ ಬೇರೇನಿಲ್ಲ. ನನ್ನಾಕೆ ಸುತ್ತ ನೋಡಿ ಕೈಚೀಲದಿಂದ ಮಾವಿನ ಉಪ್ಪಿನಕಾಯಿಯ ಸೀಸೆ ತೆಗೆದಳು. ಪಕ್ಕದ ಮೇಜಿನ ಕೆಳಗೆ ಮಲಗಿದ್ದ ನಾಯಿ ತಲೆಯೆತ್ತಿತು. ಆ ಪಬ್ಬಿನಲ್ಲಿ ನಾಯಿಗಳಿಗೂ ಪ್ರವೇಶವಿದೆ, ಅವಕ್ಕೆ ಬೇರೆ ಬಟ್ಟಲೂ ಇದೆ.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಗಂಟೆ ಬಾರಿಸಿ ಕೊನೆಯ ಸಲ ಬೇಕಾದ್ದು ಹೇಳಿ ಎಂದರು. ಹೀಗೆ ಹೊತ್ತಿಗೆ ಸರಿಯಾಗಿ ಮುಚ್ಚಿಸುವ ಬಿಗಿ ಬಂದದ್ದು ಮೊದಲ ಮಹಾಯುದ್ಧದಲ್ಲಿ, ಮದ್ದುಗುಂಡಿನ ಕಾರ್ಖಾನೆಯವರು ಬೆಳಿಗ್ಗೆ ಅಮಲಿನಲ್ಲಿ ಕೆಲಸಕ್ಕೆ ಬರಬಾರದೆಂದು. 2005ರಲ್ಲಿ ಕಾನೂನು ಸಡಿಲವಾಯಿತು, ಹಳ್ಳಿಯ ಗಂಟೆ ಮಾತ್ರ ಸಡಿಲವಾಗಿಲ್ಲ.

ಬಾನುಲಿಯಲ್ಲಿ ಮಾತಾಡುತ್ತಾ ಬಾನುಲಿಯ ಮಾತು ಬಿಡಲಾರೆ. ಕೋಣೆಯಲ್ಲಿ ಮಂಚದ ಪಕ್ಕ ಒಂದು ಹಳೆಯ ರೇಡಿಯೊ ಇತ್ತು. ನಿದ್ದೆ ಬರದೆ ತಿರುಗಿಸಿದೆ. ಹನ್ನೆರಡು ನಲವತ್ತೆಂಟಕ್ಕೆ, ಒಂದು ನಿಧಾನದ ವಾದ್ಯಸಂಗೀತ ಮುಗಿದ ಮೇಲೆ, ಬಿಬಿಸಿಯ ಹಡಗುಗಳ ಹವಾ ವರದಿ ಶುರುವಾಯಿತು. ಬ್ರಿಟನ್ನಿನ ಸುತ್ತಲ ಕಡಲನ್ನು 31 ತುಂಡು ಮಾಡಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ವೈಕಿಂಗ್, ಕ್ರಾಮರ್ಟಿ, ಫೋರ್ತ್, ಟೈನ್, ಡಾಗರ್, ಫಿಶರ್, ಜರ್ಮನ್ ಬೈಟ್, ಹಂಬರ್, ಥೇಮ್ಸ್. ಪ್ರತಿಯೊಂದಕ್ಕೂ ಗಾಳಿಯ ದಿಕ್ಕು, ಅದರ ಬಲ, ಮಳೆ, ಎಷ್ಟು ದೂರ ಕಾಣುತ್ತದೆ, ಇಷ್ಟೇ. ಕ್ರಿಯಾಪದವೇ ಇಲ್ಲ. ಮಂತ್ರ ಹೇಳಿದ ಹಾಗೆ ಒಂದೇ ಲಯ. ನನ್ನಾಕೆ ಅರ್ಧ ನಿದ್ದೆಯಲ್ಲಿ, "ಯಾರದ್ದು ಸಹಸ್ರನಾಮ?" ಎಂದಳು.

ಈ ಹವಾ ಮುನ್ಸೂಚನೆಯ ಕೆಲಸ ಹುಟ್ಟುಹಾಕಿದವರು ರಾಬರ್ಟ್ ಫಿಟ್ಸ್‌ರಾಯ್. ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ಕಪ್ತಾನ. 1859ರಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ನೂರಾರು ಜನ ಸತ್ತ ಮೇಲೆ, 1861ರಲ್ಲಿ ಅವರು ಬಂದರುಗಳಿಗೆ ತಂತಿಯಲ್ಲಿ ಬಿರುಗಾಳಿಯ ಎಚ್ಚರಿಕೆ ಕಳಿಸತೊಡಗಿದರು. ಆ 31 ತುಂಡುಗಳಲ್ಲಿ ಒಂದಕ್ಕೆ 2002ರಲ್ಲಿ ಅವರ ಹೆಸರಿಟ್ಟರು. ಆದರೂ ಎಚ್ಚರಿಕೆ ಎಲ್ಲರಿಗೂ ತಲುಪಿತೆಂದಲ್ಲ. 1953ರ ಜನವರಿ 31ರ ರಾತ್ರಿ ಇದೇ ಪೂರ್ವ ಕರಾವಳಿಯುದ್ದಕ್ಕೂ ಸಮುದ್ರ ಉಕ್ಕಿ ಇಂಗ್ಲೆಂಡಿನಲ್ಲಿ 307 ಜನ ಸತ್ತರು. ನೀರು ಉತ್ತರದ ಊರುಗಳನ್ನು ಮುಳುಗಿಸಿ ಗಂಟೆಗಳ ಮೇಲೆ ದಕ್ಷಿಣಕ್ಕೆ ಬಂತು, ಸುದ್ದಿ ಮಾತ್ರ ಮುಂದೆ ಹೋಗಲಿಲ್ಲ. ರಾತ್ರಿ ರೇಡಿಯೊ ಮುಚ್ಚುತ್ತಿದ್ದ ಕಾಲ ಅದು. ಈಗ ನಡುರಾತ್ರಿ ದಾಟಿದ ಮೇಲೂ ಒಬ್ಬರು ಕೂತು ಹಡಗುಗಳಿಗಾಗಿ ಗಾಳಿಯ ಲೆಕ್ಕ ಓದುತ್ತಾರೆ. ದೋಣಿಗಳಲ್ಲೆಲ್ಲ ಈಗ ಬೇರೆ ಉಪಕರಣಗಳು ಬಂದಿವೆ, ಇದನ್ನು ಕೇಳುವವರಲ್ಲಿ ಹಾಸಿಗೆಯಲ್ಲಿ ಮಲಗಿದವರೇ ಜಾಸ್ತಿ ಇದ್ದಾರು. ಇರಲಿ. ನಮ್ಮ ಬಾನುಲಿಯಲ್ಲಿ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು, ಕಡಲಿಗಿಳಿಯದ ನಾನೂ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವನು.

ಭಾನುವಾರದ ಕತೆ ಹೇಳಿ ಮುಗಿಸುತ್ತೇನೆ. ನನ್ನ ಕೈಯಲ್ಲಿರುವುದು ಮದುವೆಗೆ ಮಾವನವರು ಕೊಟ್ಟ ಎಚ್‌ಎಂಟಿ ಗಡಿಯಾರ, ಕೀಲಿ ಕೊಡುವಂಥದ್ದು. ಅದರಲ್ಲಿ ಸರಿಯಾಗಿ ಎಂಟಕ್ಕೆ, ಸ್ನಾನ ಮಾಡಿ, ಸ್ವೆಟರು ಹಾಕಿ ಇಬ್ಬರೂ ಕೆಳಗಿಳಿದೆವು. ಮೇಜಿನ ಮೇಲೆ ತಟ್ಟೆಯಿಲ್ಲ, ಬೆಂಕಿ ಹಾಕಿಲ್ಲ. ಒಡತಿ ರಾತ್ರಿಯ ನಿಲುವಂಗಿಯಲ್ಲೇ, ನಾಯಿಯನ್ನು ಹೊರಗೆ ಬಿಡಲು ಬಂದವರು ನಮ್ಮನ್ನು ನೋಡಿ ನಿಂತುಬಿಟ್ಟರು. ಗಂಟೆ ಏಳು. ಅಕ್ಟೋಬರಿನ ಕೊನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಅವರು ದೇಶದ ಗಡಿಯಾರವನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 1916ರಿಂದ ನಡೆದುಬಂದ ಪದ್ಧತಿ. ದೇಶಕ್ಕೆಲ್ಲ ತಿಳಿದಿದ್ದ ವಿಷಯ ಎಚ್‌ಎಂಟಿಗೆ ತಿಳಿದಿರಲಿಲ್ಲ.

ನಾನು ಕ್ಷಮೆ ಕೇಳಿ ಮೆಟ್ಟಿಲ ಕಡೆ ತಿರುಗಿದೆ. "ಎದ್ದು ಬಂದಾಗಿದೆಯಲ್ಲ, ಕೂತುಕೊಳ್ಳಿ ಲವ್" ಎಂದರು. ಮೂರು ದಿನದಲ್ಲಿ ಅವರು ಹೊತ್ತಿನ ನಿಯಮ ಮುರಿದದ್ದು ಆ ಒಂದು ಸಲ. ನಿಲುವಂಗಿಯ ಮೇಲೇ ಏಪ್ರನ್ನು ಕಟ್ಟಿಕೊಂಡು ಹೊಗೆಯಾಡಿಸಿದ ಹೆರಿಂಗ್, ಅಂದರೆ ಕಿಪ್ಪರ್, ಬೆಣ್ಣೆ ಹಾಕಿ ಬಿಸಿ ಮಾಡಿ ತಂದರು. ಬೆನ್ನುಸೀಳಿ ಅಗಲ ಮಾಡಿದ, ತಾಮ್ರದ ಬಣ್ಣದ ಮೀನು. ಮೈತುಂಬ ಕೂದಲಿನಂಥ ಮುಳ್ಳು. ಪಕ್ಕದಲ್ಲಿ ಒಂದು ಹೋಳು ನಿಂಬೆ. ನನ್ನಾಕೆ ಮೂಸಿ ನೋಡಿ, "ನಮ್ಮ ಒಣಮೀನಿನದ್ದೇ ವಾಸನೆ" ಎಂದು ಚಾಕು ಮುಳ್ಳುಚಮಚ ಪಕ್ಕಕ್ಕಿಟ್ಟು ಕೈಯಲ್ಲೇ ಮುಳ್ಳು ಬಿಡಿಸತೊಡಗಿದಳು. ಒಡತಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೂ ಒಂದು ತಟ್ಟೆ ತಂದು ಎದುರು ಕೂತು, ಹಾಗೆಯೇ ಬೆರಳಿನಿಂದ ಬಿಡಿಸಿದರು. ಉಪ್ಪಿನಕಾಯಿ ಸೀಸೆ ನಡುವೆ ಬಂತು. ಸೋಮವಾರ ನಾವು ಹೊರಡುವಾಗ ಅದು ಆ ಮನೆಯಲ್ಲೇ ಉಳಿಯಿತು.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವುದಿದ್ದರೆ ಇಷ್ಟು ನೆನಪಿಡಿ. ಡಾರ್ಶಮ್‌ನಲ್ಲಿ ಇಳಿಯುವ ಮೊದಲೇ ಕಾರಿಗೆ ಹೇಳಿಡಿ. ರಾತ್ರಿ ಊಟಕ್ಕೆ ಎಂಟೂವರೆಯೊಳಗೆ ಕೆಳಗಿಳಿಯಿರಿ. ಒಂದು ಚೆಂಬು ಇಟ್ಟುಕೊಳ್ಳಿ. ಅಕ್ಟೋಬರಿನ ಕೊನೆಯ ಭಾನುವಾರದ ಹಿಂದಿನ ರಾತ್ರಿ ಮಲಗುವ ಮುಂಚೆ ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ.